ಹಳೆಯ ವಾದ್ಯದ ಮರ ಗುರುತಿಸುವ ದಾವಣಗೆರೆಯ ಒಂದು ದುರಸ್ತಿ ಅಂಗಡಿ

ದಾವಣಗೆರೆಯ ಹಳೇಪೇಟೆಯಲ್ಲಿ, ದುಗ್ಗಮ್ಮನ ಗುಡಿಯ ಕಡೆಗೆ ಹೋಗುವ ಓಣಿಯೊಂದರಲ್ಲಿ, ಚರ್ಮವಾದ್ಯಗಳನ್ನು ದುರಸ್ತಿ ಮಾಡುವ ಚಿಕ್ಕ ಅಂಗಡಿಯೊಂದಿದೆ. ಮೃದಂಗದ ಮುಚ್ಚಿಗೆ, ಅಂದರೆ ಬಾಯಿಯ ಚರ್ಮದ ಹೊದಿಕೆ, ಬದಲಿಸುವುದು, ತಬಲಾಕ್ಕೆ ಹೊಸ ಪುಡಿ (ತಬಲಾದ ಚರ್ಮದ ಹೊದಿಕೆಗೆ ಹೇಳುವ ಹೆಸರು) ಕಟ್ಟುವುದು, ಡೊಳ್ಳಿನ ಹಗ್ಗ ಬಿಗಿಯುವುದು ಅಲ್ಲಿಯ ನಿತ್ಯದ ಕೆಲಸಗಳು. ಇವುಗಳ ಜೊತೆಗೆ, ಕೇಳಿದವರಿಗೆ ಹಳೆಯ ವಾದ್ಯದ ಒಡಲು ಯಾವ ಮರದ್ದೆಂಬುದನ್ನೂ ಅಂಗಡಿಯ ಯಜಮಾನರು ಪರೀಕ್ಷಿಸಿ ಹೇಳುತ್ತಾರೆ. ಈ ವಿಮರ್ಶೆ ಆ ಸೇವೆಯನ್ನು ಕುರಿತದ್ದು. ಭರಮಸಾಗರದ ಕಡೆಯ ನಮ್ಮ ಭಜನಾ ಮಂಡಳಿಯಲ್ಲಿ ಹಿರಿಯರ ಕಾಲದಿಂದ ಉಳಿದು ಬಂದ ಮೃದಂಗ, ತಬಲಾ, ಖಂಜಿರ, ಡೊಳ್ಳು ಮತ್ತು ದಮ್ಮಡಿಯನ್ನು ನಾವು ಅಲ್ಲಿಗೆ ಒಯ್ದಿದ್ದೆವು. ಎಲ್ಲದಕ್ಕೂ ಉತ್ತರ ಸಿಗಲಿಲ್ಲ. ಆದರೆ ಸಿಕ್ಕ ಪ್ರತಿಯೊಂದು ಉತ್ತರಕ್ಕೂ ಆಧಾರವನ್ನು ನಮ್ಮ ಕಣ್ಣೆದುರೇ ತೋರಿಸಿದರು. ಹಳೆಯ ವಾದ್ಯಗಳ ವ್ಯಾಪಾರದಲ್ಲಿ ಅಷ್ಟು ಮಾಡುವವರು ಅಪರೂಪವಾದ್ದರಿಂದಲೇ ಈ ಅಂಗಡಿಯ ಬಗ್ಗೆ ವಿವರವಾಗಿ ಬರೆಯಬೇಕೆನಿಸಿತು.

ಮರದ ಹೆಸರು ತಿಳಿದು ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ಮೊದಲನೆಯದಾಗಿ, ಬೆಲೆ ನಿಂತಿರುವುದೇ ಆ ಹೆಸರಿನ ಮೇಲೆ. ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ವೃತ್ತಿನಾಟಕ ಸಂಸ್ಥೆಗೆ ನೆಲೆಯಾಗಿದ್ದ ಈ ಊರಿನಲ್ಲಿ ಹಳೆಯ ತಬಲಾ, ಹಾರ್ಮೋನಿಯಂಗಳು ಕೈಯಿಂದ ಕೈಗೆ ಮಾರಾಟವಾಗುತ್ತ ಬಂದಿವೆ. ಮಾರುವವರ ಬಾಯಲ್ಲಿ ಕಪ್ಪಗಿರುವ ಒಡಲೆಲ್ಲ ಬೀಟೆ, ಕಂದಾಗಿರುವುದೆಲ್ಲ ಹಲಸು. ಎರಡನೆಯದಾಗಿ, ಬಿರುಕು ಮುಚ್ಚುವಾಗ, ಹುಳು ಬಿದ್ದ ಕಡೆ ತುಂಡು ಕೂಡಿಸುವಾಗ, ಮೂಲ ಮರ ಯಾವುದೆಂದು ತಿಳಿಯದೆ ಮಾಡಿದ ಕೆಲಸ ಕೆಲವೇ ಮಳೆಗಾಲಗಳಲ್ಲಿ ಬಿಟ್ಟುಕೊಳ್ಳುತ್ತದೆ, ಏಕೆಂದರೆ ಒಂದೊಂದು ಮರ ತೇವಕ್ಕೆ ಹಿಗ್ಗಿ ಬಿಸಿಲಿಗೆ ಕುಗ್ಗುವ ಪ್ರಮಾಣ ಬೇರೆ ಬೇರೆ. ಇವೆರಡಕ್ಕಿಂತ ನನಗೆ ಹತ್ತಿರವಾದ ಕಾರಣ ಇನ್ನೊಂದಿದೆ: ನಮ್ಮ ಹಿರಿಯರು ಯಾವ ಮರವನ್ನು ನಂಬಿ ನಾದ ಕಟ್ಟಿದರು ಎಂಬುದು ನಮ್ಮ ಭಾಗದ ಸಂಗೀತದ ಚರಿತ್ರೆಗೆ ಸೇರಿದ ವಿಷಯ, ಅದನ್ನು ಊಹೆಗೆ ಬಿಡಬಾರದು.

ಅಂಗಡಿಯ ವಿಧಾನದ ಸತ್ವವೆಲ್ಲ ಎಲ್ಲಿ ನೋಡಬೇಕು ಎಂಬ ತಿಳಿವಳಿಕೆಯಲ್ಲಿದೆ. ಮೃದಂಗದ ಹೊರಮೈಯನ್ನು ಅವರು ಹೆಚ್ಚು ಹೊತ್ತು ನೋಡಲೇ ಇಲ್ಲ. ದಶಕಗಳ ಎಣ್ಣೆ, ಕುಂಕುಮ, ದೀಪದ ಹೊಗೆ, ಮೇಲೆ ಬಳಿದ ವಾರ್ನಿಷ್, ಇವೆಲ್ಲ ಸೇರಿ ಯಾವ ಮರವನ್ನಾದರೂ ಒಂದೇ ಬಣ್ಣಕ್ಕೆ ತರುತ್ತವೆ. ಮರದ ಗುರುತು ಇರುವುದು ಅಡ್ಡಕೊಯ್ತದಲ್ಲಿ, ಅಂದರೆ ಎಳೆಗಳ ತುದಿ ಕಾಣುವ ಮೈಯಲ್ಲಿ. ಮೃದಂಗದ ಒಡಲನ್ನು ದಿಮ್ಮಿಯ ಉದ್ದಕ್ಕೆ ಕೊರೆದು ಮಾಡುವುದರಿಂದ ಅಡ್ಡಕೊಯ್ತ ಕಾಣುವುದು ಎರಡು ಬಾಯಿಗಳ ಅಂಚಿನಲ್ಲಿ ಮಾತ್ರ. ಆ ಅಂಚು ಸದಾ ಮುಚ್ಚಿಗೆಯ ಅಡಿಯಲ್ಲಿ ಅಡಗಿರುತ್ತದೆ. ಆದ್ದರಿಂದ ಮುಚ್ಚಿಗೆ ಬದಲಿಸಲು ಬಾರು ಬಿಚ್ಚಿದ ಹೊತ್ತೇ ಮರ ನೋಡಲು ತಕ್ಕ ಹೊತ್ತು. ಇಷ್ಟು ಸರಳವಾದ ಸಂಗತಿಯನ್ನು ನಾನು ಹಿಂದೆ ವಾದ್ಯ ಕೊಟ್ಟಿದ್ದ ಬೇರೆ ಕಡೆಗಳಲ್ಲಿ ಯಾರೂ ಹೇಳಿರಲಿಲ್ಲ. ಮುಚ್ಚಿಗೆ ಬಿಚ್ಚಿ, ಕಟ್ಟಿ, ಹಣ ಪಡೆದು ಕಳುಹಿಸಿದ್ದರು.

ಯಜಮಾನರು ಹೊಸ ಬ್ಲೇಡಿನಿಂದ ಬಲಬಾಯಿಯ ಅಂಚಿನ ಒಳಬದಿಯಲ್ಲಿ ಉಗುರಿನ ಅಗಲದಷ್ಟು ಜಾಗವನ್ನು ಒಂದೇ ಎಳೆತದಲ್ಲಿ ನುಣುಪಾಗಿ ಹೆರೆದರು. ಮುಚ್ಚಿಗೆ ಕೂರುವ ಅಂಚಿನ ನೆತ್ತಿಯನ್ನು ಮುಟ್ಟಲಿಲ್ಲ. ಮರಳು ಕಾಗದದಿಂದ ಉಜ್ಜಿದರೆ ಪುಡಿ ರಂಧ್ರಗಳೊಳಗೆ ಕೂತು ಗುರುತು ಮುಚ್ಚಿಹೋಗುತ್ತದೆ, ಹರಿತವಾದ ಅಲಗಿನಿಂದಲೇ ಕೊಯ್ಯಬೇಕು ಎಂದು ವಿವರಿಸಿದರು. ಅಲ್ಲಿಗೆ ಒಂದು ಹನಿ ನೀರು ಸವರಿ, 10 ಪಟ್ಟು ದೊಡ್ಡದಾಗಿ ಕಾಣಿಸುವ ಮಡಚುವ ಭೂತಗನ್ನಡಿಯನ್ನು ಕೈಗೆ ಕೊಟ್ಟು ನನ್ನನ್ನೇ ನೋಡಲು ಹೇಳಿದರು. ದೊಡ್ಡ ರಂಧ್ರಗಳು ಅಡ್ಡಕೊಯ್ತದ ತುಂಬ ಸಮನಾಗಿ ಹರಡಿದ್ದವು. ಕೆಲವು ಒಂಟಿಯಾಗಿದ್ದವು, ಕೆಲವು ಎರಡು ಮೂರಾಗಿ ಒಂದರ ಹಿಂದೊಂದು ಜೋಡಿಕೊಂಡಿದ್ದವು. ಪ್ರತಿ ರಂಧ್ರದ ಸುತ್ತ ತಿಳಿಬಣ್ಣದ ಮೃದು ಅಂಗಾಂಶದ ಅಂಚು ಸ್ಪಷ್ಟವಾಗಿತ್ತು. ಹೆರೆದಾಗ ಬಿದ್ದ ಚೂರುಗಳು ಹೊರಮೈಯ ಕಡುಕಂದಿಗೆ ಸಂಬಂಧವೇ ಇಲ್ಲದಂತೆ ಹಳದಿಯಾಗಿದ್ದವು. ಇದು ಹಲಸು.

ಹಲಸಿನ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಕೊಯ್ದಾಗ ಬಂಗಾರದ ಹಳದಿಯಾಗಿದ್ದು ಬೆಳಕು ತಾಗುತ್ತ ತಾಗುತ್ತ ಕೆಂಗಂದಾಗುತ್ತದೆ. ಅದರಲ್ಲಿರುವ ಮೋರಿನ್ ಎಂಬ ವರ್ಣದ್ರವ್ಯದಿಂದಾಗಿಯೇ ಅದರ ಹೊಟ್ಟನ್ನು ಕುದಿಸಿ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಹಾಕುವ ರೂಢಿ ಬಂದದ್ದು. ಹಳೆಯ ವಾದ್ಯದಲ್ಲಿ ಈ ಹಳದಿ ಹೊರಗೆ ಅಳಿದಿದ್ದರೂ ಹೆರೆದ ಕೂಡಲೇ ಒಳಗೆ ಸಿಗುತ್ತದೆ. ಹಲಸು ಎಂದು ನಂಬಿಸಿ ಮಾರುವ ಹಳೆಯ ಸಾಗುವಾನಿಯನ್ನು ಬೇರ್ಪಡಿಸಲು ಅವರು ಅಂಗಡಿಯಲ್ಲೇ ಇಟ್ಟುಕೊಂಡ ಸಾಗುವಾನಿ ತುಂಡೊಂದನ್ನು ಪಕ್ಕದಲ್ಲಿಟ್ಟು ತೋರಿಸಿದರು. ಸಾಗುವಾನಿಯಲ್ಲಿ ದೊಡ್ಡ ರಂಧ್ರಗಳು ವಾರ್ಷಿಕ ಉಂಗುರದ ಆರಂಭದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಆಮೇಲೆ ಚಿಕ್ಕದಾಗುತ್ತ ಹೋಗುತ್ತವೆ. ಮುಟ್ಟಿದರೆ ಜಿಡ್ಡು, ಹೆರೆದರೆ ಹದ ಮಾಡಿದ ಚರ್ಮದ ವಾಸನೆ. ಒಮ್ಮೆ ಈ ಎರಡನ್ನೂ ಅಕ್ಕಪಕ್ಕದಲ್ಲಿ ಕಂಡವರು ಮತ್ತೆ ಗೊಂದಲಕ್ಕೆ ಬೀಳುವುದು ಕಷ್ಟ.

ಹಲಸು ಎಂದು ಹೇಳಿದ ಮೇಲೆ ಅವರು ಅಲ್ಲಿಗೇ ನಿಂತದ್ದು ನನಗೆ ಬಹಳ ಹಿಡಿಸಿತು. ಮಲೆನಾಡಿನ ಹೆಬ್ಬಲಸು ಹಲಸಿನ ಹತ್ತಿರದ ದಾಯಾದಿ. ಭೂತಗನ್ನಡಿಯಲ್ಲಿ ಎರಡರ ರಚನೆಯೂ ಹೆಚ್ಚುಕಡಿಮೆ ಒಂದೇ. ತಂಜಾವೂರಿನ ಕಡೆಯ ಕೆಲಸಗಾರರು ಪಣ್ರುಟ್ಟಿ ಸೀಮೆಯ ಹಲಸನ್ನು ಮೃದಂಗಕ್ಕೆ ಮೆಚ್ಚುತ್ತಾರೆಂಬುದು ಎಲ್ಲರಿಗೂ ತಿಳಿದದ್ದೇ, ಆದ್ದರಿಂದ ನಮ್ಮದೂ ಅಲ್ಲಿಯದೇ ಇರಬಹುದೇ ಎಂದು ಕೇಳಿದೆ. "ಜಾತಿ ಹಲಸಿಂದು ಅಂತ ಹೇಳ್ತೀನ್ರಿ. ಯಾವ ಊರಿನ ಮರ ಅಂತ ಮಾತ್ರ ಕೇಳಬ್ಯಾಡ್ರಿ, ಅದು ಇದ್ರಾಗೆ ಕಾಣಂಗಿಲ್ಲ" ಎಂದರು. ಯಾವ ಊರಿನ ಹೆಸರನ್ನಾದರೂ ಹೇಳಿ ನಮ್ಮನ್ನು ಸಂತೋಷಪಡಿಸಿ ಕಳುಹಿಸಬಹುದಾಗಿದ್ದವರು ಅವರು.

ತಬಲಾದ ವಿಷಯದಲ್ಲಿ ನಾನು ಹೊಸದೊಂದನ್ನು ಕಲಿತೆ. ತಬಲಾದ ಮರದ ಒಡಲನ್ನು ಮೇಲಿನಿಂದ ಕೊರೆದಿರುತ್ತಾರೆ, ತಳ ಗಟ್ಟಿಯಾಗಿ ಉಳಿದಿರುತ್ತದೆ. ಹಾಗಾಗಿ ಆ ತಳವೇ ಒಂದು ದೊಡ್ಡ ಅಡ್ಡಕೊಯ್ತ. ಪುಡಿಯನ್ನು ಬಿಚ್ಚದೆ, ಅದನ್ನು ಬಿಗಿದ ಬದ್ದಿಯನ್ನು ಸಡಿಲಿಸದೆ, ವಾದ್ಯವನ್ನು ಮಗುಚಿಟ್ಟು ತಳದ ಒಂದು ಮೂಲೆಯನ್ನು ಹೆರೆದು ನೋಡಬಹುದು. ತೂಕದಿಂದ ಮರವನ್ನು ಹೇಳುವವರ ಮಾತು ತಬಲಾದಲ್ಲಿ ಏಕೆ ನಿಲ್ಲುವುದಿಲ್ಲ ಎಂಬುದೂ ಇದರಿಂದಲೇ ತಿಳಿಯಿತು: ಕೊರೆದ ಆಳ ಒಬ್ಬೊಬ್ಬ ಕೆಲಸಗಾರನದು ಒಂದೊಂದು, ಆಳ ಕಡಿಮೆಯಾದರೆ ಹಗುರ ಮರದ ತಬಲಾವೂ ಭಾರವಾಗಿ ತೂಗುತ್ತದೆ.

ನಮ್ಮ ತಬಲಾವನ್ನು ಮಂಡಳಿಯ ಹಿರಿಯರೆಲ್ಲ ಬೀಟೆಯದೆಂದೇ ನಂಬಿದ್ದರು. ತಬಲಾಕ್ಕೆ ಉತ್ತರ ಭಾರತದಲ್ಲಿ ಹೆಚ್ಚಾಗಿ ಬಳಸುವುದು ಶೀಶಮ್. ಬೇವು, ಮಾವು, ಸಾಗುವಾನಿ, ಹೊನ್ನೆಯಲ್ಲೂ ಮಾಡುತ್ತಾರೆ. ಯಜಮಾನರು ಮೊದಲು ಒಡಲಿನ ಪಕ್ಕದಲ್ಲಿ ಸ್ವಲ್ಪ ಬಣ್ಣ ತೆಗೆದು, ಉದ್ದಕೊಯ್ತದ ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಕೆರೆಯ ನೀರಿನ ಮೇಲೆ ತಂಗಾಳಿ ಎಬ್ಬಿಸುವ ಅಲೆಗಳಂತೆ ಅತಿ ಸಣ್ಣ ಅಡ್ಡಗೆರೆಗಳು ಒಂದರ ಮೇಲೊಂದು ಕಂಡವು. ಮರದ ಕಿರಣ ಕೋಶಗಳು, ಅಂದರೆ ತಿರುಳಿನ ಕಡೆಯಿಂದ ತೊಗಟೆಯ ಕಡೆಗೆ ಸಾಗುವ ಕೋಶಗಳ ಸಾಲುಗಳು, ಮಹಡಿ ಮಹಡಿಯಾಗಿ ಜೋಡಣೆಗೊಂಡಿರುವಾಗ ಈ ಗೆರೆಗಳು ಮೂಡುತ್ತವೆ. ಬೀಟೆ, ಶೀಶಮ್, ಹೊನ್ನೆ ಮೂರರಲ್ಲೂ ಇವು ಇರುತ್ತವೆ. ಹಲಸು, ಮಾವು, ಬೇವು, ಸಾಗುವಾನಿಗಳಲ್ಲಿ ಇರುವುದಿಲ್ಲ. ಹೀಗೆ ಒಂದೇ ನೋಟದಲ್ಲಿ ನಾಲ್ಕು ಮರಗಳು ಪಟ್ಟಿಯಿಂದ ಹೊರಗೆ ಹೋದವು.

ಉಳಿದ ಮೂರರ ನಡುವೆ ತೀರ್ಮಾನಿಸಲು ಅವರು ಮಾಡಿದ ಪರೀಕ್ಷೆ ಯಾರಾದರೂ ಮನೆಯಲ್ಲಿ ಮಾಡಿ ನೋಡಬಹುದಾದದ್ದು. ತಳದಿಂದ ಹೆರೆದ ಚೇಗಿನ ಚೂರುಗಳನ್ನು ಗಾಜಿನ ಲೋಟದ ನೀರಿನಲ್ಲಿ ಹಾಕಿ ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ನೀರು ಹಳದಿಗಂದು ಬಣ್ಣಕ್ಕೆ ತಿರುಗಿತು. ಲೋಟದ ಹಿಂದೆ ಕಪ್ಪು ಬಟ್ಟೆ ಹಿಡಿದು, ಬಾಗಿಲಿಗೆ ತಂದು ಬಿಸಿಲಿಗೆ ಒಡ್ಡಿದಾಗ ಅದೇ ನೀರಿನ ಅಂಚಿನಲ್ಲಿ ಸ್ಪಷ್ಟವಾದ ನೀಲಿ ಹೊಳಪು ಮೂಡಿತು. ಹೊನ್ನೆಯ ಚೇಗಿನ ಗುರುತು ಇದು. ಮಧುಮೇಹಕ್ಕೆಂದು ಮಾರುವ ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟವರು ಬೆಳಗ್ಗೆ ಇದೇ ಹೊಳಪನ್ನು ಕಂಡಿರುತ್ತಾರೆ. ಬೀಟೆಯ ಚೇಗಿನಲ್ಲಿ ನೇರಳೆ ಛಾಯೆಯಿರುತ್ತದೆ, ಹೊಸದಾಗಿ ಕೊಯ್ದರೆ ನವುರಾದ ಪರಿಮಳ ಬರುತ್ತದೆ. ಶೀಶಮ್‌ನಲ್ಲಿ ಬಂಗಾರಗಂದಿನ ಮೇಲೆ ಕಪ್ಪು ಪಟ್ಟೆಗಳು ಓಡುತ್ತವೆ. ನಮ್ಮ ತಬಲಾದಲ್ಲಿ ಇವಾವುವೂ ಇರಲಿಲ್ಲ. ಹೊರಗಿನ ಕಪ್ಪೆಲ್ಲ ಯಾರೋ ಬಳಿದ ಬಣ್ಣದ್ದು.

ಬೀಟೆಯಲ್ಲವೆಂದು ತಿಳಿದು ಮಂಡಳಿಯಲ್ಲಿ ಕೆಲವರಿಗೆ ಬೇಸರವಾಯಿತು. ನನಗೆ ಹಾಗೆನಿಸಲಿಲ್ಲ. ಹೊನ್ನೆ ಗಟ್ಟಿಯಾದ, ಬಾಳಿಕೆಯ ಮರ. ಅದು ನಮ್ಮ ಮಲೆನಾಡಿನ ಕಾಡಿನಲ್ಲೇ ಬೆಳೆಯುತ್ತದೆ. ಶೀಶಮ್ ಹಿಮಾಲಯದ ತಪ್ಪಲಿನ ಮರ. ಉತ್ತರದ ವಾದ್ಯವೊಂದನ್ನು ಇಲ್ಲಿ ಸಿಗುವ ಮರದಲ್ಲಿ ಕಡೆದ ಕೆಲಸಗಾರನೊಬ್ಬ ನಮ್ಮ ಸುತ್ತಮುತ್ತಲೇ ಇದ್ದಿರಬಹುದೆಂಬ ಊಹೆಗೆ ಇದು ಎಡೆ ಕೊಡುತ್ತದೆ. ಊಹೆ ಎಂದೇ ಹೇಳುತ್ತಿದ್ದೇನೆ. ಬೀಟೆ ಅಥವಾ ಶೀಶಮ್ ಎಂದು ಖಚಿತವಾದವರಿಗೆ ಇನ್ನೊಂದು ಮಾತು ಉಪಯೋಗಕ್ಕೆ ಬರಬಹುದು. ಈ ಎರಡೂ ಸೇರುವ ಡಾಲ್ಬರ್ಜಿಯಾ ಕುಲವನ್ನು, ಮೊದಲೇ ಒಂದನೆಯ ಅನುಬಂಧದಲ್ಲಿದ್ದ ಬ್ರೆಜಿಲ್‌ನ ಒಂದು ಜಾತಿಯನ್ನು ಬಿಟ್ಟು, 2017ರ ಜನವರಿಯಿಂದ ಸೈಟಿಸ್ ಒಪ್ಪಂದದ (ಅಳಿವಿನಂಚಿನ ಗಿಡಮರ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ) ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಸಿದ್ಧ ಸಂಗೀತ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಹೊರದೇಶದಲ್ಲಿರುವ ಮಕ್ಕಳಿಗೆ ಅಜ್ಜನ ತಬಲಾ ಕಳುಹಿಸುವವರು ಮರದ ಹೆಸರನ್ನು ಬರೆಸಿಕೊಂಡಿದ್ದರೆ ಒಳ್ಳೆಯದು.

ಇಲ್ಲಿ ಒಂದು ದೂರು ಹೇಳಲೇಬೇಕು. ತಬಲಾದ ತಳವನ್ನು ಹೆರೆಯಲು ಅಂಗಡಿಯ ಹುಡುಗ ಬ್ಲೇಡು ಹಿಡಿದಾಗ, ಹಳೆಯ ಒಡೆಯರು ಕಬ್ಬಿಣ ಕಾಯಿಸಿ ಒತ್ತಿದ ಅಕ್ಷರಗಳ ಗುರುತು ಅಲ್ಲೇ ಇತ್ತು. ನಾನು ತಡೆಯದಿದ್ದರೆ ಅದು ಹೋಗುತ್ತಿತ್ತು. ಯಜಮಾನರು ಕೂಡಲೇ ಬೇರೆ ಮೂಲೆಯನ್ನು ಆರಿಸಿದರು, ಆದರೆ ಹೆರೆಯುವ ಮುನ್ನ ತಳವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬರಹ ಗುರುತುಗಳಿವೆಯೇ ಎಂದು ನೋಡಿ, ಒಡೆಯರನ್ನು ಕೇಳುವ ಪದ್ಧತಿ ಆ ಅಂಗಡಿಯಲ್ಲಿ ಇರಬೇಕು. ವಾದ್ಯದ ಚರಿತ್ರೆಯನ್ನು ತಿಳಿಯಲು ಹೋಗಿ ಅದರ ಒಂದು ಪುಟವನ್ನೇ ಕೆತ್ತಿ ಹಾಕುವಂತಾಗಬಾರದು. ಅಲ್ಲಿಗೆ ಹೋಗುವವರು ಈ ವಿಷಯವನ್ನು ಮೊದಲೇ ಹೇಳಿಬಿಡುವುದು ಲೇಸು.

ಖಂಜಿರದ ಕೆಲಸ ಬೇಗ ಮುಗಿಯಿತು. ಬಳೆ ಹಲಸಿನದು, ಮೃದಂಗದಲ್ಲಿ ಕಂಡ ಗುರುತುಗಳೇ ಅಲ್ಲಿಯೂ ಕಂಡವು. ಅದರ ಹರಿದ ಚರ್ಮ ಉಡದ್ದಾಗಿತ್ತು. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯಾದ್ದರಿಂದ, ಹಳೆಯ ನಾದ ಬೇಕೆಂದು ಯಾರು ಎಷ್ಟೇ ಕೇಳಿದರೂ ಆ ಚರ್ಮ ಹಾಕುವುದಿಲ್ಲವೆಂದು ಯಜಮಾನರು ಸ್ಪಷ್ಟವಾಗಿ ಹೇಳಿ, ತೆಳುವಾದ ಆಡಿನ ಚರ್ಮ ಹಾಕಿಕೊಟ್ಟರು. ಶ್ರುತಿ ಸ್ವಲ್ಪ ಬೇರೆಯಾಗಿದೆ. ನಮಗೆ ಅದು ಸಮ್ಮತ.

ಡೊಳ್ಳಿನಲ್ಲಿ ಅಂಗಡಿಯ ಬಲ ಕಡಿಮೆ. ಬೀರಪ್ಪನ ಸೇವೆಯ ಡೊಳ್ಳುಗಳಿಗೆ ನಮ್ಮ ಕಡೆ ವರ್ಷ ವರ್ಷವೂ ಬಣ್ಣ ಬಳಿಯುವುದರಿಂದ ಮರದ ಮೇಲೆ ದಪ್ಪ ಪದರವೇ ಕೂತಿರುತ್ತದೆ; ಅಂಚಿನಲ್ಲಿ ಮರ ಬಿರಿದು, ನೀರು ಕುಡಿದು, ಮೆತ್ತಗಾಗಿತ್ತು. ಮೆತ್ತನೆಯ ಮರವನ್ನು ಬ್ಲೇಡು ಕೊಯ್ಯುವ ಬದಲು ಜಜ್ಜುತ್ತದೆ, ರಂಧ್ರಗಳ ಆಕಾರವೇ ಕೆಟ್ಟುಹೋಗುತ್ತದೆ. ಬೂದುಗಂದಿನ ಮೈ, ಚೇಗಿಗೂ ಹೊರಮರಕ್ಕೂ ಎದ್ದು ಕಾಣುವ ಭೇದವಿಲ್ಲದಿರುವುದು, ಕೊರೆಯುವ ಹುಳುವಿನ ಸಣ್ಣ ತೂತುಗಳು ಮತ್ತು ಅವುಗಳಿಂದ ಉದುರುವ ಹಿಟ್ಟಿನಂಥ ಪುಡಿ, ಇವನ್ನು ನೋಡಿ "ಮಾವು ಇರಬೇಕು" ಎಂದರು. ಹುಳು ಬಿದ್ದದ್ದನ್ನು ಆಧಾರವಾಗಿ ಎಣಿಸಿದ್ದು ನನಗೆ ಸರಿಯೆನಿಸಲಿಲ್ಲ, ಏಕೆಂದರೆ ಪಿಷ್ಟವಿರುವ ಹೊರಮರ ಯಾವ ಜಾತಿಯದಾದರೂ ಹುಳುವಿಗೆ ತುತ್ತಾಗುತ್ತದೆ. ಒಣ ಭಾಗವೊಂದನ್ನು ಹುಡುಕಿ ಅಡ್ಡಕೊಯ್ತ ನೋಡುವಷ್ಟು ತಾಳ್ಮೆಯನ್ನು ಮೃದಂಗಕ್ಕೆ ತೋರಿಸಿದಂತೆ ಡೊಳ್ಳಿಗೂ ತೋರಿಸಬೇಕಿತ್ತು. ಕಛೇರಿಯ ವಾದ್ಯಕ್ಕೆ ಸಿಗುವ ಗೌರವ ಜಾತ್ರೆಯ ವಾದ್ಯಕ್ಕೆ ಸಿಗದಿರುವುದು ಈ ಒಂದು ಅಂಗಡಿಯ ದೋಷವಲ್ಲವೆಂದು ಬಲ್ಲೆ. ಆದರೂ ಡೊಳ್ಳು, ಉರುಮೆ, ಹಲಗೆಗಳ ನಾಡಿನಲ್ಲಿ ಕುಳಿತು ಈ ಕೆಲಸ ಮಾಡುವವರು ಅವುಗಳ ಮರದ ಬಗ್ಗೆಯೂ ಅಷ್ಟೇ ಬಲ್ಲವರಾಗಿರಬೇಕೆಂದು ಬಯಸುತ್ತೇನೆ.

ದಮ್ಮಡಿಯ ಬಗ್ಗೆ ಅವರು ಏನನ್ನೂ ಹೇಳಲು ಒಪ್ಪಲಿಲ್ಲ. ಬಳೆ ತೀರ ತೆಳುವು, ಹಲಗೆಯನ್ನು ಬಾಗಿಸಿ ಕೂಡಿಸಿದ್ದು. ಎಳೆಯ ತುದಿ ಕಾಣುವುದು ಕೂಡಿಕೆಯ ಒಂದೇ ಕಡೆ, ಅಲ್ಲಿಯೂ ಮೊಳೆ ಮತ್ತು ಅಂಟು. ಖಚಿತವಾಗಿ ತಿಳಿಯಬೇಕಾದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಮಾದರಿ ಕಳುಹಿಸಬೇಕೆಂದರು. ಅಲ್ಲಿ ಶುಲ್ಕ ಪಡೆದು ಮರ ಗುರುತಿಸಿಕೊಡುತ್ತಾರೆ. ಆದರೆ ಪ್ರಯೋಗಾಲಯದ ಪರೀಕ್ಷೆಗೆ ಮರದ ತುಂಡನ್ನು ಮೃದುಗೊಳಿಸಿ, ಅಡ್ಡಕ್ಕೆ, ಕಿರಣದ ಗುಂಟ ಮತ್ತು ಅದಕ್ಕೆ ಲಂಬವಾಗಿ, ಮೂರು ದಿಕ್ಕಿನಲ್ಲೂ ಕಾಗದಕ್ಕಿಂತ ತೆಳ್ಳಗಿನ ಪದರಗಳನ್ನು ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಅದಕ್ಕೆ ವಾದ್ಯದಿಂದ ತುಂಡನ್ನು ಕತ್ತರಿಸಿಯೇ ಕೊಡಬೇಕು. ಅಷ್ಟು ಚಿಕ್ಕ ದಮ್ಮಡಿಯಿಂದ ಕತ್ತರಿಸುವುದು ಬೇಡವೆಂದು ನಾವೇ ನಿರ್ಧರಿಸಿದೆವು. ಒಡೆದು ಬಿದ್ದ ಚೂರು ಇರುವ ವಾದ್ಯದವರು, ಅಥವಾ ದೊಡ್ಡ ಬೆಲೆಗೆ ಕೊಳ್ಳಲು ಹೊರಟವರು, ಆ ದಾರಿ ಹಿಡಿಯಬಹುದು.

ದುರಸ್ತಿಯ ಬಗ್ಗೆ ಎರಡು ಮಾತು. ಮೃದಂಗದ ಒಡಲಿನ ಉದ್ದ ಬಿರುಕಿಗೆ ಅವರು ಹಲಸಿನದೇ ತೆಳು ಸೀಳನ್ನು ಎಳೆಯ ದಿಕ್ಕು ಹೊಂದಿಸಿ ಕೂರಿಸಿ, ಸಂದಿಗೆ ಹಲಸಿನ ಹೊಟ್ಟು ಕಲಸಿದ ಅಂಟು ತುಂಬಿದರು. ಹೊಸ ಸೀಳು ಈಗ ಹಳದಿಯಾಗಿ ಎದ್ದು ಕಾಣುತ್ತದೆ. ಬಣ್ಣ ಬಳಿದು ಮರೆಮಾಡಲೇ ಎಂದು ಕೇಳಿದರು, ಬೇಡವೆಂದೆವು. ಬೆಳಕಿಗೆ ತಾನೇ ಕಂದಾಗುವ ಮರಕ್ಕೆ ಬಣ್ಣದ ಅಗತ್ಯವಿಲ್ಲ, ಮುಂದೆ ನೋಡುವವರಿಗೆ ದುರಸ್ತಿ ಎಲ್ಲಿ ನಡೆದಿದೆಯೆಂದೂ ತಿಳಿಯಬೇಕು. ಬಲಮುಚ್ಚಿಗೆಯ ನಡುವಿನ ಕಪ್ಪು ವೃತ್ತವಾದ ಕರಣೆಗೆ ಕಿಟ್ಟದ ಪುಡಿಯನ್ನು ಅನ್ನದೊಂದಿಗೆ ಅರೆದು ಪದರ ಪದರವಾಗಿ ಹಾಕಿ ಉಜ್ಜಿದ ಕೆಲಸ ಅಚ್ಚುಕಟ್ಟಾಗಿದೆ; ಶ್ರುತಿ ನಿಲ್ಲುತ್ತಿದೆ.

ಹಣದ ವಿಷಯದಲ್ಲಿ ದೂರಿಲ್ಲ. ಮುಚ್ಚಿಗೆ ಅಥವಾ ಪುಡಿ ಬದಲಿಸಲು ಕೊಟ್ಟರೆ ಮರ ನೋಡಿ ಹೇಳುವುದಕ್ಕೆ ಪ್ರತ್ಯೇಕ ಹಣ ಕೇಳುವುದಿಲ್ಲ. ಬರೀ ಮರ ನೋಡಿಸಲು ಮೃದಂಗ ಒಯ್ದರೆ ಮುಚ್ಚಿಗೆ ಬಿಚ್ಚಿ ಮತ್ತೆ ಬಿಗಿಯುವ ಕೂಲಿ ಕೊಡಬೇಕು. ಬರೆದು ಕೊಡುವ ಚೀಟಿ ಮಾತ್ರ ತೀರ ಸಪ್ಪೆ: "ಮೃದಂಗ, ಹಲಸು" ಎಂದು ಒಂದು ಸಾಲು. ಎಲ್ಲಿ ಹೆರೆದರು, ಏನು ಕಂಡಿತು, ಯಾವುದು ಖಚಿತ, ಯಾವುದು ಅಂದಾಜು ಎಂಬುದನ್ನು ಬಾಯಲ್ಲಿ ಅಷ್ಟು ಚೆನ್ನಾಗಿ ವಿವರಿಸುವವರು ಅದನ್ನೇ ನಾಲ್ಕು ಸಾಲಿನಲ್ಲಿ ಬರೆದುಕೊಟ್ಟರೆ ಆ ಚೀಟಿ ವಾದ್ಯದೊಂದಿಗೆ ಮುಂದಿನ ತಲೆಮಾರಿಗೂ ಹೋಗುತ್ತದೆ. ನಾನು ಅವರ ಮಾತುಗಳನ್ನು ಅಲ್ಲೇ ಬರೆದುಕೊಂಡು, ಹೆರೆದ ಜಾಗದ ಚಿತ್ರ ತೆಗೆದು, ಮಂಡಳಿಯ ದಫ್ತರಿನಲ್ಲಿ ಸೇರಿಸಿದ್ದೇನೆ.

ದುಗ್ಗಮ್ಮನ ಜಾತ್ರೆ ಮತ್ತು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಜಾತ್ರೆಯ ಮುಂಚಿನ ವಾರಗಳಲ್ಲಿ ಅಂಗಡಿಯ ತುಂಬ ಡೊಳ್ಳು, ಹಲಗೆಗಳ ರಾಶಿ ಬಿದ್ದಿರುತ್ತದೆ, ಆಗ ಹೋದರೆ ಮರ ನೋಡುವಷ್ಟು ಬಿಡುವು ಅವರಿಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ಅಂಗಡಿ ಖಾಲಿಯಿದ್ದರೂ ಚರ್ಮ ಒಣಗುವುದು ತಡವಾಗುತ್ತದೆ. ದೀಪಾವಳಿ ಕಳೆದು ಬಿಸಿಲು ನಿಂತ ಮೇಲೆ, ಬೆಳಗಿನ ಹೊತ್ತಿನಲ್ಲಿ ಹೋಗುವುದು ಒಳ್ಳೆಯದು. ಭೂತಗನ್ನಡಿಯ ಕೆಲಸಕ್ಕೂ ಲೋಟದ ನೀರಿನ ಪರೀಕ್ಷೆಗೂ ಬಾಗಿಲಿನ ಬಿಸಿಲು ಬೇಕು, ಮಧ್ಯಾಹ್ನದ ಮೇಲೆ ಎದುರಿನ ಕಟ್ಟಡದ ನೆರಳು ಆ ಬಾಗಿಲಿಗೆ ಬೀಳುತ್ತದೆ.